ಮರಳಿ ಹಿಡಿದ ಹೆಗಲು

ಹಲ್ಲುನೋವು ತಲೆನೋವುಗಳಂತೆ ಮನೆಮಂದಿಯನ್ನೆಲ್ಲ ಎಬ್ಬಿಸಿ ಕೂರಿಸುವ ವ್ಯಾಧಿಯಲ್ಲ, ಹೆಗಲು ಹಿಡಿಯುವುದು. ಇದರಿಂದ ಪ್ರಾಣಾಪಾಯವಿಲ್ಲ, ರೋಗಿಯು ಹಾಸಿಗೆ ಹಿಡಿಯುವುದೂ ಇಲ್ಲ, ಬೀದಿಯಲ್ಲಿ ಕಂಡವರಿಗೆ ಅವನು ಸರ್ವವಿಧದಲ್ಲಿಯೂ ಆರೋಗ್ಯವಂತನಾಗಿಯೇ ತೋರುತ್ತಾನೆ. ಆದರೆ ಪಂಚೆಯ ಕಚ್ಚೆಯನ್ನು ಹಿಂದಕ್ಕೆ ಸಿಕ್ಕಿಸಿಕೊಳ್ಳುವುದಕ್ಕೆ ಅವನ ಕೈ ಬೆನ್ನಿನತ್ತ ಹೋಗದು. ಅಂಗಿಯ ತೋಳಿನೊಳಕ್ಕೆ ಕೈಯನ್ನು ತೂರಿಸುವುದೇ ಒಂದು ಸಾಹಸವಾಗುತ್ತದೆ. ಗೃಹಿಣಿಯಾದರೆ ಜಡೆಯನ್ನು ಹೆಣೆದುಕೊಳ್ಳಲಾರಳು, ಒಗೆದ ಸೀರೆಯನ್ನು ತಂತಿಯ ಮೇಲೆ ಹರವಲಾರಳು, ಅಟ್ಟದ ಮೇಲಣ ಡಬ್ಬಿಗಾಗಿ ಮಗನನ್ನೋ ಸೊಸೆಯನ್ನೋ ಕರೆಯಬೇಕು. ರಾತ್ರಿ ಆ ಮಗ್ಗುಲಿಗೆ ಹೊರಳಿದೊಡನೆ ನಿದ್ರೆ ಹರಿದುಹೋಗುತ್ತದೆ. ಇದು ಒಂದು ದಿನದ, ಒಂದು ವಾರದ ಮಾತಲ್ಲ. ಒಂದು ವರ್ಷ, ಒಮ್ಮೊಮ್ಮೆ ಎರಡು ವರ್ಷ. ಇಷ್ಟನ್ನೂ ಸಹಿಸಿ ಗುಣಹೊಂದಿದ ಮೇಲೆ ಪುನಃ ಅದೇ ನೋವು ತಲೆದೋರಿದರೆ ಮನುಷ್ಯನ ಧೈರ್ಯ ಕುಂದುವುದು ಸಹಜವೇ. ಈ ಮರುಕಳಿಕೆಯ ವಿಚಾರವಾಗಿಯೇ ನಾವು ಇಲ್ಲಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ನಾವಿರುವ ದೀಪಾಂಜಲಿ ನಗರವು ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯ ಮಗ್ಗುಲಿನಲ್ಲಿದೆ. ೨೦೧೫ನೆಯ ಇಸವಿಯ ನವೆಂಬರಿನಲ್ಲಿ ಮೆಟ್ರೋ ರೈಲು ಇತ್ತ ಬಂದ ಮೇಲೆ ವಯಸ್ಸಾದವರಿಗೂ ಪೇಟೆಗೆ ಹೋಗಿಬರುವುದು ಸುಲಭವಾಗಿದೆ. ಹಿಡಿದ ಹೆಗಲನ್ನು ಗುರುತಿಸುವುದಕ್ಕೆ ಆ ಗಾಡಿಗಿಂತ ಒಳ್ಳೆಯ ಪರೀಕ್ಷಾಲಯವನ್ನು ನಾವು ಕಾಣೆವು. ಮೇಲಿನಿಂದ ಇಳಿಬಿದ್ದಿರುವ ಹಿಡಿಗಳನ್ನು ಎಲ್ಲರೂ ಹಿಡಿದು ನಿಂತಿರುವಾಗ, ಐವತ್ತು ದಾಟಿದ ಯಾರೋ ಒಬ್ಬರು ಮಾತ್ರ ಕಂಬವನ್ನು ಅಪ್ಪಿಕೊಂಡು, ಒಂದು ತೋಳನ್ನು ಪಕ್ಕೆಗೆ ಒತ್ತಿಕೊಂಡು, ಪಕ್ಕದವರು ತಗಲಿಯಾರೆಂದು ಅಂಜುತ್ತ ನಿಂತಿರುತ್ತಾರೆ. ನಮ್ಮ ಬೀದಿಗಳಲ್ಲಿ ಕಾರ್ಖಾನೆಗಳಿಂದಲೂ ಕಚೇರಿಗಳಿಂದಲೂ ಶಾಲೆಗಳಿಂದಲೂ ನಿವೃತ್ತರಾದವರು ಬಹಳ ಮಂದಿ. ಸಂಜೆ ನಾಲ್ವರು ಕಲೆತರೆ ಅವರಲ್ಲಿ ಒಬ್ಬರಿಗಾದರೂ ಈ ವ್ಯಾಧಿಯ ಪರಿಚಯವುಂಟು. ಉಳಿದ ಮೂವರಿಗೆ ಅದರ ಔಷಧದ ಪರಿಚಯವುಂಟು!

ಇದಕ್ಕೆ ದೇಶದೇಶಗಳಲ್ಲಿ ನಾನಾ ಹೆಸರುಗಳಿವೆ. ಜಪಾನೀಯರು ‘ಐವತ್ತರ ಹೆಗಲು’ ಎಂಬರ್ಥದ ಹೆಸರನ್ನಿಟ್ಟಿದ್ದಾರೆ. ನಲವತ್ತರಿಂದ ಅರವತ್ತು ವರ್ಷಗಳ ನಡುವಣವರಿಗೇ, ಅದರಲ್ಲಿಯೂ ಸ್ತ್ರೀಯರಿಗೆ, ಇದು ಹೆಚ್ಚಾಗಿ ಬರುವುದರಿಂದ ಆ ಹೆಸರು ಸಾರ್ಥಕವಾಗಿದೆ. ಫ್ರಾನ್ಸ್ ದೇಶದ ಡ್ಯುಪ್ಲೇ ಎಂಬ ಶಸ್ತ್ರವೈದ್ಯನು ೧೮೭೨ರಲ್ಲಿ ಇದನ್ನು ಕೀಲಿನ ಸುತ್ತಣ ಉರಿಯೂತವೆಂದು ವರ್ಣಿಸಿದನು. ೧೯೩೪ರಲ್ಲಿ ಅಮೆರಿಕೆಯ ಬಾಸ್ಟನ್ ನಗರದ ಕಾಡ್‌ಮನ್ ಎಂಬ ವೈದ್ಯನು ಹೆಗಲನ್ನು ಕುರಿತೇ ಬರೆದ ಒಂದು ದೊಡ್ಡ ಗ್ರಂಥದಲ್ಲಿ ‘ಫ್ರೋಜನ್ ಷೋಲ್ಡರ್’, ಎಂದರೆ ಹೆಪ್ಪುಗಟ್ಟಿದ ಹೆಗಲು, ಎಂಬ ಈಗಿನ ಹೆಸರನ್ನು ಬಳಕೆಗೆ ತಂದನು. ಈ ರೋಗವನ್ನು ಲಕ್ಷಣಿಸುವುದೂ, ಚಿಕಿತ್ಸೆಮಾಡುವುದೂ, ಕಾರಣ ಹೇಳುವುದೂ ಮೂರೂ ಕಷ್ಟವೆಂದು ಅಲ್ಲಿಯೇ ಒಪ್ಪಿಕೊಂಡನು. ನಮ್ಮ ಸುಶ್ರುತಸಂಹಿತೆಯ ನಿದಾನಸ್ಥಾನದ ಪ್ರಥಮಾಧ್ಯಾಯದಲ್ಲಿ, ವಾತವ್ಯಾಧಿಗಳ ಪ್ರಕರಣದಲ್ಲಿ, ‘ಅವಬಾಹುಕ’ವೆಂಬ ರೋಗವು ಉಕ್ತವಾಗಿದೆ. ಅಂಸವೆಂದರೆ ಹೆಗಲು. (ಇದನ್ನು ‘ಅಂಶ’ವೆಂದು ಬರೆಯುವ ಅಭ್ಯಾಸವನ್ನು ಬಿಡಿಸುವುದರಲ್ಲಿಯೇ ನಮ್ಮ ಸೇವಾವಧಿಯ ಒಂದು ಭಾಗವು ಕಳೆದುಹೋಯಿತು.) ಅಂಸದಲ್ಲಿ ನೆಲೆನಿಂತ ವಾಯುವು ಅಲ್ಲಿನ ಬಂಧನವನ್ನು ಒಣಗಿಸಿ ಸಂಕೋಚವನ್ನುಂಟುಮಾಡುವುದೆಂಬುದು ಅಲ್ಲಿನ ಅಭಿಪ್ರಾಯ. ವಾಯುವಿನ ಮಾತನ್ನು ವಾಚಕರು ಹೇಗಾದರೂ ತಿಳಿದುಕೊಳ್ಳಲಿ. ಬಂಧನವು ಒಣಗಿ ಕುಗ್ಗುವುದೆಂಬ ಮಾತು ಮಾತ್ರ ಈಗಿನ ಶಸ್ತ್ರವೈದ್ಯರು ಕಣ್ಣಾರೆ ಕಾಣುವುದಕ್ಕೆ ಬಹಳ ಸಮೀಪವಾಗಿದೆ.

ಅವರು ಕಾಣುವುದೇನೆಂದರೆ: ಹೆಗಲಿನ ಕೀಲಿನಲ್ಲಿ ತೋಳಿನ ಎಲುಬಿನ ಗುಂಡು ದೊಡ್ಡದು, ಅದು ಕುಳಿತಿರುವ ಬಟ್ಟಲು ಚಿಕ್ಕದು ಮತ್ತು ಆಳವಿಲ್ಲದ್ದು. ಆದುದರಿಂದಲೇ ನಮ್ಮ ಕೈ ಎಲ್ಲ ದಿಕ್ಕಿಗೂ ಸುಳಿಯಬಲ್ಲುದು. ಈ ಕೀಲನ್ನು ಸುತ್ತುಗಟ್ಟಿ ಒಂದು ತೆಳುವಾದ ಚೀಲವಿದೆ. ಆರೋಗ್ಯವಂತನಲ್ಲಿ ಅದು ಕಂಕುಳ ಕಡೆಗೆ ಮಡಿಕೆಮಡಿಕೆಯಾಗಿ, ಸಡಿಲವಾದ ಜುಬ್ಬದ ತೋಳಿನಂತೆ ಇರುತ್ತದೆ. ರೋಗ ಬಂದಾಗ ಅದರಲ್ಲಿ ಮೊದಲು ಉರಿಯೂತವೂ ತರುವಾಯ ದಪ್ಪನಾದ ನಾರೂ ಬೆಳೆದು, ಮಡಿಕೆಗಳು ಅಡಗಿ, ಜುಬ್ಬದ ತೋಳು ಬಿಗಿಯಾದ ಕುಪ್ಪಸದ ತೋಳಾಗುತ್ತದೆ. ಸ್ವಸ್ಥವಾದ ಕೀಲಿನ ಚೀಲವು ಸುಮಾರು ೩೦ ಮಿಲಿಲೀಟರು ದ್ರವವನ್ನು ಹಿಡಿಸಿಕೊಂಡರೆ ರೋಗಗ್ರಸ್ತವಾದದ್ದು ಹತ್ತನ್ನೂ ಹಿಡಿಯಲಾರದು. ೧೯೪೫ರಲ್ಲಿ ನೆವಿಯಾಸರ್ ಎಂಬ ಅಮೆರಿಕೆಯ ವೈದ್ಯನು ಈ ಚೀಲವು ಎಲುಬಿಗೆ ಅಂಟಿಕೊಂಡಂತಿರುವುದನ್ನು ಕಂಡು, ಚರ್ಮದಿಂದ ಅಂಟುಪಟ್ಟಿಯನ್ನು ಕೀಳುವುದಕ್ಕೆ ಹೋಲಿಸಿದನು.

ರೋಗದ ನಡಗೆಯಲ್ಲಿ ಮೂರು ಅವಸ್ಥೆಗಳುಂಟು. ಮೊದಲನೆಯದರಲ್ಲಿ ನೋವೇ ಪ್ರಧಾನ, ಅದರಲ್ಲಿಯೂ ರಾತ್ರಿಯ ನೋವು; ಇದು ಎರಡು ತಿಂಗಳಿನಿಂದ ಒಂಬತ್ತು ತಿಂಗಳವರೆಗೆ ಇರಬಹುದು. ಎರಡನೆಯದರಲ್ಲಿ ನೋವು ತಗ್ಗಿ ಬಿಗಿತವು ಪೂರ್ಣವಾಗುತ್ತದೆ. ಇದಕ್ಕೆ ನಾಲ್ಕರಿಂದ ಹನ್ನೆರಡು ತಿಂಗಳು. ಮೂರನೆಯದರಲ್ಲಿ ಬಿಗಿತವು ತಾನಾಗಿ, ಬಹು ನಿಧಾನವಾಗಿ, ಸಡಿಲುತ್ತದೆ. ಇದಕ್ಕೆ ಆರು ತಿಂಗಳೂ ಆಗಬಹುದು, ಎರಡು ವರ್ಷವೂ ಆಗಬಹುದು. ಈ ಕ್ರಮವನ್ನು ಅರಿತಿರುವುದರಿಂದ ಒಂದು ದೊಡ್ಡ ಪ್ರಯೋಜನವಿದೆ. ಒಂಬತ್ತನೆಯ ತಿಂಗಳಿನಲ್ಲಿ ಯಾವ ಎಣ್ಣೆಯನ್ನು ಹಚ್ಚಿದರೂ ನೋವು ತಗ್ಗಿದಂತೆಯೇ ತೋರುತ್ತದೆ. ಆ ಎಣ್ಣೆಯನ್ನು ಮಾರಿದವನಿಗೆ ಕೀರ್ತಿ ಬರುತ್ತದೆ.

ಇನ್ನು ಮರುಕಳಿಕೆಗೆ ಬರೋಣ. ನಮಗೆ ಐವತ್ತೈದನೆಯ ವಯಸ್ಸಿನಲ್ಲಿ ಬಲಹೆಗಲು ಹಿಡಿಯಿತು. ಆಗ ನಾವು ಇನ್ನೂ ಶಾಲೆಯಲ್ಲಿದ್ದೆವು. ಕರಿಹಲಗೆಯ ಮೇಲರ್ಧಕ್ಕೆ ಕೈ ಎಟುಕದೆ ರಾಮಶಬ್ದದ ಏಳು ವಿಭಕ್ತಿಗಳನ್ನೂ ಕೆಳಗಿನ ಅರ್ಧದಲ್ಲಿಯೇ ಇಕ್ಕಟ್ಟಾಗಿ ಬರೆಯುತ್ತಿದ್ದೆವು. ಹಿಂದಿನ ಬೆಂಚಿನ ಹುಡುಗರು ಎದ್ದುನಿಂತು ಇಣಿಕಿ ನೋಡಿ ಬರೆದುಕೊಳ್ಳುತ್ತಿದ್ದರು. ಇಪ್ಪತ್ತು ತಿಂಗಳಿಗೆ ಅದು ಬಿಟ್ಟಿತು. ನಿವೃತ್ತಿಯ ಮರುವರ್ಷ ಎಡಹೆಗಲಿನಲ್ಲಿ ಅದೇ ಕೊರೆತ, ಅದೇ ನಿದ್ರಾಭಂಗ. ಎದುರುಮನೆಯ ಗೃಹಸ್ಥರು, “ಏನು ಮೇಷ್ಟ್ರೇ, ಮತ್ತೆ ಬಂತೆ? ಇದು ಒಮ್ಮೆ ಬಂದರೆ ಬಿಡುವುದಲ್ಲ ಬಿಡಿ!” ಎಂದರು. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಆ ರಾತ್ರಿ ನೋವಿಗಿಂತ ಆ ಮಾತೇ ನಮ್ಮನ್ನು ಹೆಚ್ಚಾಗಿ ಎಚ್ಚರದಲ್ಲಿರಿಸಿತು. ಉಳಿದ ಆಯುಷ್ಯವೆಲ್ಲ ಒಂದು ಹೆಗಲು ಬಿಟ್ಟರೆ ಮತ್ತೊಂದು ಹಿಡಿಯುತ್ತ ಹೋಗುವುದೇ, ನಮ್ಮ ಮನೆಯವರು ದಿನವೂ ನಮಗೆ ಅಂಗಿ ತೊಡಿಸುತ್ತಲೇ ಇರಬೇಕೇ, ಎಂಬ ಚಿಂತೆ ಹತ್ತಿತು.

ಆ ಮಾತು ನಿಜವಲ್ಲವೆಂದು ವೈದ್ಯರಿಂದ ತಿಳಿದುಬಂದಿತು. ಒಮ್ಮೆ ಹೆಪ್ಪುಗಟ್ಟಿ ಪೂರ್ಣವಾಗಿ ಬಿಟ್ಟ ಹೆಗಲು ಎರಡನೆಯ ಸಲ ಹೆಪ್ಪುಗಟ್ಟುವುದು ಬಹಳ ಅಪೂರ್ವ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಇಂತಹ ೨೬೯ ಹೆಗಲುಗಳನ್ನು ಸರಾಸರಿ ನಾಲ್ಕೂವರೆ ವರ್ಷಗಳ ತನಕ ಗಮನಿಸಿ ೨೦೦೮ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರೋಗಿಗಳ ಪೈಕಿ ನೂರಕ್ಕೆ ಇಪ್ಪತ್ತು ಮಂದಿಗೆ ಎರಡೂ ಹೆಗಲುಗಳಲ್ಲಿ ರೋಗ ಕಂಡಿತ್ತಾದರೂ, ಅದೇ ಹೆಗಲಿಗೆ ಮರಳಿ ಬಂದ ನಿದರ್ಶನ ಒಂದೂ ಇರಲಿಲ್ಲ. ಎಂದರೆ, ಎರಡು ಹೆಗಲಿರುವವನಿಗೆ ಈ ಕಷ್ಟವು ಹೆಚ್ಚೆಂದರೆ ಎರಡು ಸಲ ಎಂದು ಬಹುಮಟ್ಟಿಗೆ ಧೈರ್ಯ ತಂದುಕೊಳ್ಳಬಹುದು. ನಮಗೆ ಇದನ್ನು ಕೇಳಿದ ದಿನ ಆದ ಸಮಾಧಾನವು ಯಾವ ಮಾತ್ರೆಯಿಂದಲೂ ಆಗಿರಲಿಲ್ಲ.

ಹಾಗಾದರೆ ‘ಅದೇ ಹೆಗಲಿಗೆ ಮತ್ತೆ ಬಂತು’ ಎನ್ನುವವರ ಗತಿಯೇನು? ಅವರಲ್ಲಿ ಎರಡು ಬಗೆಯವರಿದ್ದಾರೆ. ಒಂದು, ಮೊದಲ ಸಲದ ರೋಗವೇ ಪೂರ್ತಿಯಾಗಿ ಬಿಟ್ಟಿರದವರು. ಮೇಲೆ ಹೇಳಿದ ಆಕ್ಸ್‌ಫರ್ಡಿನ ವರದಿಯಲ್ಲಿಯೇ ನೂರಕ್ಕೆ ನಲವತ್ತೊಂದು ಮಂದಿಗೆ ಅಷ್ಟು ವರ್ಷಗಳ ಮೇಲೆಯೂ ಸ್ವಲ್ಪವೋ ಬಹಳವೋ ತೊಂದರೆ ಉಳಿದಿತ್ತು. ಹೆಚ್ಚಿನವರಿಗೆ ಅದು ಅಲ್ಪ. ಚಳಿಗಾಲದಲ್ಲಿಯೋ, ಮನೆಗೆ ಸುಣ್ಣ ಬಳಿದ ಮರುದಿನವೋ ಅದು ತಲೆಯೆತ್ತಿದರೆ ಹೊಸ ರೋಗವೆಂದು ಹೆದರಬೇಕಾದುದಿಲ್ಲ. ಇನ್ನೊಂದು, ಬೇರೆಯ ರೋಗವಿರುವವರು. ಹೆಗಲನ್ನೆತ್ತುವ ಸ್ನಾಯುಗಳ ನರಗಟ್ಟು ವಯಸ್ಸಾದಂತೆ ಸವೆದು ಹರಿಯಬಹುದು; ಕತ್ತಿನ ಎಲುಬಿನಲ್ಲಿ ನರವು ಒತ್ತಿಕೊಂಡು ನೋವು ತೋಳಿಗೆ ಇಳಿಯಬಹುದು; ಕೀಲೇ ಸವೆದಿರಬಹುದು. ಇವುಗಳಿಗೆ ಚಿಕಿತ್ಸೆ ಬೇರೆ ಬೇರೆ. ಹಿಂದಿನ ಸಲ ಗುಣಕೊಟ್ಟ ಎಣ್ಣೆಯ ಸೀಸೆಯನ್ನೇ ಹುಡುಕಿ ತೆಗೆದು ತಿಂಗಳುಗಟ್ಟಲೆ ತಿಕ್ಕುತ್ತ ಕುಳಿತುಕೊಳ್ಳುವುದು ಇಲ್ಲಿ ಕೆಲಸಕ್ಕೆ ಬಾರದು.

ವ್ಯತ್ಯಾಸವನ್ನು ಮನೆಯಲ್ಲಿಯೇ ಒಂದಷ್ಟು ಗ್ರಹಿಸಬಹುದು. ಮೊಣಕೈಯನ್ನು ಪಕ್ಕೆಗೆ ತಾಗಿಸಿ ಮುಂಗೈಯನ್ನು ನೇರವಾಗಿ ಮುಂದಕ್ಕೆ ಚಾಚಿರಿ. ಈಗ ಮುಂಗೈಯನ್ನು ಹೊರಗಡೆಗೆ, ಬಾಗಿಲು ತೆರೆಯುವಂತೆ, ತಿರುಗಿಸಿರಿ. ಆಗದಿದ್ದರೆ ಮನೆಯವರೊಬ್ಬರು ಮೆಲ್ಲಗೆ ತಿರುಗಿಸಿ ನೋಡಲಿ. ಹೆಪ್ಪುಗಟ್ಟಿದ ಹೆಗಲಾದರೆ ತಾನೂ ತಿರುಗಿಸಲಾರ, ಇತರರೂ ತಿರುಗಿಸಲಾರರು. ಚಿಲಕ ಹಾಕಿದ ಬಾಗಿಲಿನಂತೆ ಒಂದೆಡೆ ನಿಂತುಬಿಡುತ್ತದೆ. ಸ್ನಾಯು ಹರಿದದ್ದಾದರೆ ತಾನು ಎತ್ತಲಾರದ ಕೈಯನ್ನು ಇತರರು ಎತ್ತಬಲ್ಲರು. ಇದು ಸೂಚನೆ ಮಾತ್ರ, ನಿರ್ಣಯವು ವೈದ್ಯರದು. ಎಕ್ಸ್‌ರೇ ತೆಗೆಸಿದರೆ ಹೆಪ್ಪುಗಟ್ಟಿದ ಹೆಗಲಿನಲ್ಲಿ ಪ್ರಾಯಶಃ ಏನೂ ಕಾಣುವುದಿಲ್ಲ. ಆದರೂ ಕೀಲು ಸವೆದಿಲ್ಲ, ಜಾರಿಲ್ಲ, ಎಲುಬಿನಲ್ಲಿ ಬೇರೆ ದೋಷವಿಲ್ಲ ಎಂದು ತಿಳಿಯುವುದಕ್ಕೆ ಅದು ಬೇಕು. ಒಂದು ಮಾತನ್ನು ಮಾತ್ರ ಯಾರೂ ಮರೆಯಬಾರದು: ಎಡಹೆಗಲಿನ ನೋವು ಒಮ್ಮೆಲೇ ಬಂದು, ಎದೆ ಬಿಗಿದು, ಬೆವರಿಳಿದು, ಉಸಿರು ಕಟ್ಟಿದಂತಾದರೆ ಅದು ಹೃದಯದ ವಿಚಾರ, ಆಗ ಬಿಸಿನೀರಿನ ಚೀಲವನ್ನು ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು.

ಎರಡನೆಯ ಹೆಗಲು ಹಿಡಿದವರಲ್ಲಿ ವಿಚಾರಿಸಲೇಬೇಕಾದ ಸಂಗತಿಯೊಂದಿದೆ, ಸಕ್ಕರೆ ಕಾಯಿಲೆ. ನಮ್ಮನ್ನು ನೋಡಿದ ವೈದ್ಯರು ಹೆಗಲನ್ನು ಮುಟ್ಟಿ ನೋಡಿದ ತರುವಾಯ ಮೊದಲು ಬರೆದುಕೊಟ್ಟದ್ದು ನೋವಿನ ಮಾತ್ರೆಯನ್ನಲ್ಲ, ರಕ್ತಪರೀಕ್ಷೆಯ ಚೀಟಿಯನ್ನು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆಯಲ್ಲಿ ನಮಗೂ ಮಧುಮೇಹವು ಆರಂಭವಾಗಿರುವುದು ಹೊರಬಿದ್ದಿತು. ಬಾಯಾರಿಕೆಯಿಲ್ಲ, ನಿತ್ರಾಣವಿಲ್ಲ, ಯಾವ ಸೂಚನೆಯೂ ಇಲ್ಲದೆ ಒಳಗೆ ಕುಳಿತಿದ್ದ ರೋಗವನ್ನು ಹೆಗಲು ಹೇಳಿಕೊಟ್ಟಿತು. ಇದು ನಮ್ಮೊಬ್ಬರ ಕಥೆಯಲ್ಲ. ಸಾಮಾನ್ಯ ಜನರಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಮಾತ್ರ ಬರುವ ಈ ಹೆಗಲಿನ ವ್ಯಾಧಿಯು ಮಧುಮೇಹಿಗಳಿಗೆ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚೆಂದೂ, ಹೆಗಲು ಹಿಡಿದವರಲ್ಲಿ ಹತ್ತಕ್ಕೆ ಮೂವರು ಮಧುಮೇಹಿಗಳೆಂದೂ, ಹಲವು ದೇಶಗಳ ವರದಿಗಳನ್ನು ಒಟ್ಟುಗೂಡಿಸಿ ೨೦೧೬ರಲ್ಲಿ ಪ್ರಕಟವಾದ ಪರಿಶೀಲನೆಯಿಂದ ತಿಳಿಯುತ್ತದೆ. ಸಕ್ಕರೆಯ ಪಾಕವು ಹೆಚ್ಚು ಹೊತ್ತು ಒಲೆಯ ಮೇಲಿದ್ದರೆ ಗಟ್ಟಿಯಾಗಿ ಎಳೆಎಳೆಗೆ ಅಂಟಿಕೊಳ್ಳುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ರಕ್ತದಲ್ಲಿ ಬಹುಕಾಲ ಮಿಕ್ಕುನಿಂತ ಸಕ್ಕರೆಯೂ ಕೀಲಿನ ಚೀಲದ ನಾರಿಗೆ ಅಂಟಿಕೊಂಡು ಅದನ್ನು ಬಿರುಸುಗೊಳಿಸುವುದೆಂದು ವೈದ್ಯರು ಭಾವಿಸುತ್ತಾರೆ.

ನಮ್ಮ ದೇಶದಲ್ಲಿ ೧೦ ಕೋಟಿ ೧೦ ಲಕ್ಷ ಮಂದಿ ಮಧುಮೇಹಿಗಳೂ, ಅದರ ಹೊಸ್ತಿಲಿನಲ್ಲಿ ನಿಂತಿರುವವರು ೧೩ ಕೋಟಿ ೬೦ ಲಕ್ಷವೂ ಇರುವರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದ ಸಮೀಕ್ಷೆಯು ೨೦೨೩ರಲ್ಲಿ ಲೆಕ್ಕಹಾಕಿತು. ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ಸ್ಥಿತಿಯೇ ತಿಳಿಯದು. ಆದುದರಿಂದ ಹೆಗಲು ಹಿಡಿದ ಪ್ರತಿಯೊಬ್ಬರೂ, ವಿಶೇಷವಾಗಿ ಎರಡನೆಯ ಹೆಗಲು ಹಿಡಿದವರು, ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಯುಕ್ತ. ಥೈರಾಯಿಡ್ ಗ್ರಂಥಿಯ ದೋಷವುಳ್ಳವರಿಗೂ ಈ ವ್ಯಾಧಿ ಹೆಚ್ಚು. ಸ್ತ್ರೀಯರು ಅದನ್ನೂ ವಿಚಾರಿಸಲಿ. ಪಾರ್ಶ್ವವಾಯುವಾದವರು, ಹೃದಯದ ಅಥವಾ ಸ್ತನದ ಶಸ್ತ್ರಚಿಕಿತ್ಸೆಯಾದವರು, ಕೈ ಮುರಿದು ಬಹಳ ದಿನ ಜೋಲಿಯಲ್ಲಿಟ್ಟುಕೊಂಡವರು, ಇವರ ಹೆಗಲೂ ಅಲುಗಾಡದೆ ಬಿಗಿದುಕೊಳ್ಳುವುದುಂಟು. ಅಂತಹವರ ಕೈಯನ್ನು ಯಾವಾಗಿನಿಂದ ಆಡಿಸಬಹುದೆಂದು ಮನೆಯವರು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಚಿಕಿತ್ಸೆಯ ವಿಚಾರದಲ್ಲಿ ಜನರು ಎರಡು ತುದಿಗಳಿಗೆ ಹೋಗುತ್ತಾರೆ. ನೋವಾಗುವುದೆಂದು ಕೈಯನ್ನು ಅಲುಗಿಸದೆ ಜೋಲಿಹಾಕಿಕೊಂಡು ಕೂರುವವರು ಕೆಲವರು. ‘ಬಿಗಿದದ್ದನ್ನು ಎಳೆದೇ ಬಿಡಿಸಬೇಕು’ ಎಂದು ಹಲ್ಲುಕಚ್ಚಿ ಎಳೆಸಿಕೊಳ್ಳುವವರು ಕೆಲವರು. ಎರಡನೆಯವರದು ನಮ್ಮ ಕಡೆ ಹೆಚ್ಚು. ನಮ್ಮ ಪರಿಚಿತರೊಬ್ಬರು ಮೂಳೆ ಕಟ್ಟುವವನೊಬ್ಬನ ಹತ್ತಿರ ಹೋಗಿ, ಇಬ್ಬರು ಹಿಡಿದುಕೊಂಡು ಒಬ್ಬನು ತೋಳನ್ನು ತಿರುಚಲಾಗಿ, ಮೂರು ವಾರ ಮಲಗಲಾರದೆ ನರಳಿದರು. ಮುರಿದ ಎಲುಬನ್ನು ಕಟ್ಟುವುದರಲ್ಲಿ ಪಳಗಿದ ಕೈಗಳಿಗೆ ನಾವು ಗೌರವ ಕೊಡುತ್ತೇವೆ. ಆದರೆ ಇಲ್ಲಿ ಮುರಿದದ್ದಾಗಲಿ ಜಾರಿದ್ದಾಗಲಿ ಏನೂ ಇಲ್ಲ. ಬಲಾತ್ಕಾರದಿಂದ ಎಳೆದರೆ, ಅದರಲ್ಲಿಯೂ ವಯಸ್ಸಾದವರ ಸವೆದ ಎಲುಬಿನಲ್ಲಿ, ತೋಳೇ ಮುರಿದುಹೋಗಬಹುದು.

ನೆದರ್ಲೆಂಡ್ಸ್ ದೇಶದಲ್ಲಿ ೭೭ ಮಂದಿ ರೋಗಿಗಳನ್ನು ಎರಡು ಗುಂಪಾಗಿ ನೋಡಿದ ವೈದ್ಯರು ೨೦೦೪ರಲ್ಲಿ ಬರೆದುದು ಇಲ್ಲಿ ಸ್ಮರಣೀಯ. ಒಂದು ಗುಂಪಿಗೆ ನೋವಿನ ಮಿತಿಯನ್ನು ದಾಟಿಸಿ ಎಳೆದು ಚಾಚಿಸುವ ಕಠಿನವಾದ ವ್ಯಾಯಾಮ. ಇನ್ನೊಂದಕ್ಕೆ ನೋವಿನ ಮಿತಿಯೊಳಗೆ ಸೌಮ್ಯವಾದ ಚಲನೆ, ರೋಗದ ಸ್ವಭಾವವನ್ನು ತಿಳಿಯಹೇಳುವುದು, ಇಷ್ಟೆ. ಎರಡು ವರ್ಷಗಳ ಕೊನೆಗೆ ಸೌಮ್ಯವಾದ ಗುಂಪಿನಲ್ಲಿ ನೂರಕ್ಕೆ ೮೯ ಮಂದಿಯ ಹೆಗಲು ಹೆಚ್ಚುಕಡಿಮೆ ಮೊದಲಿನಂತಾಯಿತು. ಕಠಿನವಾದ ಗುಂಪಿನಲ್ಲಿ ೬೩ ಮಂದಿಯದು ಮಾತ್ರ. ತರಗತಿಯಲ್ಲಿ ಬೆತ್ತವನ್ನು ನಂಬದ ಉಪಾಧ್ಯಾಯರಿಗೆ ಈ ಲೆಕ್ಕವು ರುಚಿಸೀತು.

ಸೌಮ್ಯವಾದ ಚಲನೆಯೆಂದರೆ ಏನು? ಮೊದಲು ಹತ್ತು ಹದಿನೈದು ನಿಮಿಷ ಬಿಸಿನೀರಿನ ಚೀಲದಿಂದ ಹೆಗಲಿಗೆ ಕಾವು ಕೊಡಬೇಕು. ಮಧುಮೇಹಿಗಳ ಚರ್ಮಕ್ಕೆ ಬಿಸಿಯ ಅರಿವು ಕಡಿಮೆಯಾಗಿರಬಹುದಾದ್ದರಿಂದ ಮನೆಯವರು ತಮ್ಮ ಕೈಯಿಂದ ಮುಟ್ಟಿ ನೋಡಿ, ಬಟ್ಟೆ ಸುತ್ತಿ ಕೊಡಲಿ. ತರುವಾಯ ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ, ಮುಂದಕ್ಕೆ ಬಾಗಿ, ನೋಯುವ ತೋಳನ್ನು ಕೆಳಕ್ಕೆ ಜೋಲುಬಿಟ್ಟು, ಗಡಿಯಾರದ ಲೋಲಕದಂತೆ ಹಿಂದೆಮುಂದೆಯೂ ಎಡಬಲಕ್ಕೂ ತೂಗಬೇಕು. ಬಳಿಕ ನೆಲದ ಮೇಲೆ ಸಣ್ಣ ರಂಗೋಲಿಯ ಸುತ್ತನ್ನು ಬರೆಯುವಂತೆ ದುಂಡಗೆ ಆಡಿಸಬೇಕು. ಈ ಲೋಲಕದ ಅಭ್ಯಾಸವು ಮೇಲೆ ಹೇಳಿದ ಕಾಡ್‌ಮನ್ನನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ನೋವು ಬಲವಾಗಿರುವ ಮೊದಲ ತಿಂಗಳುಗಳಲ್ಲಿ ಇದೊಂದೇ ಸಾಕು.

ನೋವು ತಗ್ಗಿದ ಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಹಲ್ಲಿಯಂತೆ ಮೇಲುಮೇಲಕ್ಕೆ ಹತ್ತಿಸುವುದು. ಬೆನ್ನಮೇಲೆ ಮಲಗಿ ಎರಡು ಕೈಗಳಿಂದಲೂ ಒಂದು ಕೋಲನ್ನು ಹಿಡಿದು, ಒಳ್ಳೆಯ ಕೈಯ ಬಲದಿಂದ ಇನ್ನೊಂದನ್ನು ತಲೆಯ ಕಡೆಗೆ ಒಯ್ಯುವುದು. ಅದೇ ಕೋಲಿನಿಂದ ಮುಂಗೈಯನ್ನು ಹೊರಗಡೆಗೆ ತಳ್ಳುವುದು. ಸ್ನಾನದ ಟವಲನ್ನು ಬೆನ್ನ ಹಿಂದೆ ಹಿಡಿದು ಮೇಲಿನ ಕೈಯಿಂದ ಕೆಳಗಿನದನ್ನು ಮೆಲ್ಲಗೆ ಎಳೆಯುವುದು. ಬಾಗಿಲಿನ ಮೇಲೆ ಸಣ್ಣ ರಾಟೆಯನ್ನು ಕಟ್ಟಿ ಹಗ್ಗವೆಳೆಯುವ ಅಭ್ಯಾಸವನ್ನೂ ಹೇಳಿಕೊಡುತ್ತಾರೆ. ನಮ್ಮ ತಾಯಂದಿರು ಇದನ್ನು ಬಾವಿಯ ಕಟ್ಟೆಯ ಮೇಲೆ ನಿಂತು ದಿನಕ್ಕೆ ಇಪ್ಪತ್ತು ಕೊಡ ಮಾಡುತ್ತಿದ್ದರು. ಆದರೆ ಅವರಿಗೆ ಹೆಗಲು ಹಿಡಿಯುತ್ತಲೇ ಇರಲಿಲ್ಲವೆಂದು ಹೇಳುವವರ ಮಾತನ್ನು ನಾವು ಒಪ್ಪುವುದಿಲ್ಲ. ಹಿಡಿಯುತ್ತಿತ್ತು, ಅವರು ಹೇಳಿಕೊಳ್ಳುತ್ತಿರಲಿಲ್ಲ.

ಒಂದೇ ಸಲ ಒಂದು ಗಂಟೆ ಮಾಡುವುದಕ್ಕಿಂತ ದಿನಕ್ಕೆ ನಾಲ್ಕೈದು ಸಲ ಐದೈದು ನಿಮಿಷ ಮಾಡುವುದು ಮೇಲು. ಮಾಡುವಾಗ ಸ್ವಲ್ಪ ಎಳೆತ ತೋರಬಹುದು. ಮುಗಿದ ಮೇಲೆ ಅದು ಬೇಗನೆ ಇಳಿಯಬೇಕು. ರಾತ್ರಿಯ ನೋವು ಹೆಚ್ಚಿತೆಂದರೆ ಹಗಲಿನ ಅಭ್ಯಾಸವು ಅತಿಯಾಯಿತೆಂದೇ ಅರ್ಥ.

ಔಷಧಗಳಲ್ಲಿ ನೋವಿನ ಮಾತ್ರೆಗಳು ರಾತ್ರಿಯನ್ನು ಕಳೆಯುವುದಕ್ಕೆ ಸಹಾಯಕ, ರೋಗವನ್ನು ಕಳೆಯಲಾರವು. ಅಂಗಡಿಯಲ್ಲಿ ತಾವೇ ಕೇಳಿ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಮಧುಮೇಹಿಗಳೂ ರಕ್ತದೊತ್ತಡದವರೂ ಈ ವಿಷಯದಲ್ಲಿ ಇಮ್ಮಡಿ ಎಚ್ಚರದಿಂದಿರಬೇಕು. ಕೀಲಿನೊಳಕ್ಕೆ ಕೊಡುವ ಸ್ಟಿರಾಯಿಡ್ ಚುಚ್ಚುಮದ್ದನ್ನು ಕಂಡರೆ ನಮ್ಮ ಜನರಿಗೆ ಬಹಳ ಭಯ. ನೋವು ಪ್ರಧಾನವಾಗಿರುವ ಮೊದಲ ಅವಸ್ಥೆಯಲ್ಲಿ ಕೊಟ್ಟರೆ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಒಳ್ಳೆಯ ಉಪಶಮನವಾಗುವುದೆಂಬುದು ಹಲವು ಪರೀಕ್ಷೆಗಳಿಂದ ಸಿದ್ಧವಾಗಿದೆ. ಬಿಗಿತವು ಪೂರ್ಣವಾದ ಮೇಲೆ ಅದರ ಗುಣ ಕಡಿಮೆ. ಮಧುಮೇಹಿಗಳಿಗೆ ಚುಚ್ಚಿದ ಬಳಿಕ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ; ಆ ದಿನಗಳಲ್ಲಿ ಹೆಚ್ಚು ಸಲ ಪರೀಕ್ಷಿಸಿಕೊಳ್ಳಬೇಕು. ನಾವು ಎಡಹೆಗಲಿಗೆ ಒಂದು ಸಲ ಇದನ್ನು ಹಾಕಿಸಿಕೊಂಡೆವು. ನಾಲ್ಕನೆಯ ರಾತ್ರಿ ಆರು ಗಂಟೆ ಒಂದೇ ಸಮನೆ ನಿದ್ರೆಮಾಡಿದೆವು. ನಮ್ಮ ಮನೆಯವರು ಎರಡು ಸಲ ಎದ್ದು ನಾವು ಉಸಿರಾಡುತ್ತಿದ್ದೇವೆಯೇ ಎಂದು ನೋಡಿದರಂತೆ.

ಇಷ್ಟರಿಂದಲೂ ಬಿಡದಿದ್ದರೆ ಉಪ್ಪುನೀರಿನಂತಹ ದ್ರವವನ್ನು ಕೀಲಿನ ಚೀಲದೊಳಕ್ಕೆ ಒತ್ತಿ ಅದನ್ನು ಹಿಗ್ಗಿಸುವ ಕ್ರಮವುಂಟು. ಅರಿವಳಿಕೆ ಕೊಟ್ಟು ತಜ್ಞರೇ ಕೈಯನ್ನು ಸಡಿಲಿಸುವ ಕ್ರಮವುಂಟು. ಸಣ್ಣ ರಂಧ್ರದ ಮೂಲಕ ದರ್ಶಕವನ್ನು ತೂರಿಸಿ ಬಿಗಿದ ಚೀಲವನ್ನು ಕತ್ತರಿಸುವ ಶಸ್ತ್ರಕ್ರಿಯೆಯೂ ಉಂಟು. ಬ್ರಿಟನ್ನಿನ ೩೫ ಆಸ್ಪತ್ರೆಗಳಲ್ಲಿ ೫೦೩ ಮಂದಿಯ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಕೊನೆಯ ಎರಡನ್ನೂ, ಚುಚ್ಚುಮದ್ದಿನೊಡನೆ ಕ್ರಮಬದ್ಧವಾದ ವ್ಯಾಯಾಮವನ್ನೂ ತೂಗಿ ನೋಡಿದರು. ಒಂದು ವರ್ಷದ ಕೊನೆಗೆ ರೋಗಿಯ ಅನುಭವಕ್ಕೆ ಬರುವಷ್ಟು ಮೇಲಾಟ ಯಾವುದಕ್ಕೂ ಇರಲಿಲ್ಲ. ಶಸ್ತ್ರಕ್ರಿಯೆಯಲ್ಲಿ ಮಾತ್ರ ಅಪಾಯಗಳು ಹೆಚ್ಚಾಗಿ ಕಂಡವು. ಆದುದರಿಂದ ಮೊದಲ ಭೇಟಿಯಲ್ಲಿಯೇ ಶಸ್ತ್ರಕ್ರಿಯೆಯ ದಿನವನ್ನು ಗೊತ್ತುಮಾಡಲು ಅವಸರಪಡಿಸುವವರ ಬಳಿಯಿಂದ ಎದ್ದುಬಂದು ಇನ್ನೊಬ್ಬರನ್ನು ಕೇಳುವುದು ತಪ್ಪಲ್ಲ. ನಮ್ಮ ಕಡೆಯವರಿಗೆ ಜಯನಗರದ ಸಂಜಯ ಗಾಂಧಿ ಮೂಳೆ ಆಸ್ಪತ್ರೆಯೂ, ೧೯೦೦ರಿಂದ ನಡೆದುಬಂದಿರುವ ವಿಕ್ಟೋರಿಯಾ ಆಸ್ಪತ್ರೆಯೂ, ವಿಮೆಯುಳ್ಳ ಕಾರ್ಮಿಕರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯೂ ಇವೆ.

ಆಯುರ್ವೇದವನ್ನು ಓದಿದ ಮನೆತನದವರು ಎಣ್ಣೆಯ ವಿಚಾರ ಕೇಳದೆ ಬಿಡರು. ಅವಬಾಹುಕಕ್ಕೆ ವಾಗ್ಭಟನು ನಸ್ಯವನ್ನೂ ಊಟದ ಮೇಲಣ ಸ್ನೇಹಪಾನವನ್ನೂ ವಿಧಿಸಿದ್ದಾನೆ. ಉದ್ದಿನಿಂದ ಸಿದ್ಧವಾಗುವ ಮಾಷತೈಲವು ಇದಕ್ಕೆ ಹೆಸರಾದದ್ದು. ನಸ್ಯವನ್ನು ಓದಿದ ವೈದ್ಯರ ಎದುರಿನಲ್ಲಿ ಮಾತ್ರ ಮಾಡಿಸಿಕೊಳ್ಳತಕ್ಕದ್ದು. ಎಣ್ಣೆಯನ್ನು ಹದವಾಗಿ ಬಿಸಿಮಾಡಿ ಮೃದುವಾಗಿ ಸವರುವುದರಿಂದ ಬಿಗಿದ ಸ್ನಾಯುಗಳು ಸಡಿಲಿ ಹಿತವಾಗುತ್ತದೆ. ನಾವೂ ಶನಿವಾರದ ಅಭ್ಯಂಗವನ್ನು ಬಿಟ್ಟಿಲ್ಲ. ಆದರೆ ಸ್ನಾಯುಗಳ ಕೆಳಗೆ ಅಷ್ಟು ಆಳದಲ್ಲಿರುವ ಚೀಲವನ್ನು ಮೇಲೆ ಸವರಿದ ಎಣ್ಣೆಯು ಕರಗಿಸುವುದೆಂದು ನಾವು ನಂಬೆವು. ಸವರಿದ ಮೇಲೆ ಲೋಲಕದ ಅಭ್ಯಾಸಕ್ಕೆ ಕೈ ಹಗುರಾಗುವುದು. ಅಷ್ಟು ಲಾಭ ಸಾಕು.

ರಾತ್ರಿಗಳನ್ನು ಕಳೆಯುವ ಬಗೆಯನ್ನು ಹೇಳದಿದ್ದರೆ ಈ ಲೇಖನವು ರೋಗಿಗಳಿಗೆ ಉಪಯೋಗವಾಗದು. ಅಂಗಾತ ಮಲಗಿ, ನೋಯುವ ತೋಳಿನ ಮೊಣಕೈಯ ಕೆಳಗೆ ಒಂದು ದಿಂಬನ್ನಿಟ್ಟು, ತೋಳು ಹಿಂದಕ್ಕೆ ಜಾರದಂತೆ ನೋಡಿಕೊಳ್ಳಬೇಕು. ಒಳ್ಳೆಯ ಮಗ್ಗುಲಿಗೆ ಮಲಗುವುದಾದರೆ ಎದೆಯ ಮುಂದೆ ದೊಡ್ಡ ದಿಂಬನ್ನಿಟ್ಟು ಅದರ ಮೇಲೆ ತೋಳನ್ನು ಒರಗಿಸಬೇಕು. ಅಂಗಿ ತೊಡುವಾಗ ಮೊದಲು ನೋಯುವ ಕೈ. ಬಿಚ್ಚುವಾಗ ಕೊನೆಯಲ್ಲಿ ಆ ಕೈ. ಈ ಸಣ್ಣ ಸೂತ್ರವನ್ನು ತಿಳಿಯದೆ ಎಷ್ಟೋ ಮಂದಿ ಬೆಳಗಿನ ಹೊತ್ತು ಕಣ್ಣೀರಿಡುತ್ತಾರೆ. ಮುಂದುಗಡೆ ಗುಂಡಿಯಿರುವ ಅಂಗಿ ರವಿಕೆಗಳು ಅನುಕೂಲ. ನಿತ್ಯ ಬಳಸುವ ಪಾತ್ರೆ ಡಬ್ಬಿಗಳನ್ನು ಎದೆಯ ಮಟ್ಟಕ್ಕೆ ಇಳಿಸಿಡುವುದು ಮಕ್ಕಳ ಕೆಲಸ. ಮನೆಯಲ್ಲಿ ತಾಯಿಗೆ ಹೆಗಲು ಹಿಡಿದಾಗ ‘ಅಮ್ಮ, ಅದನ್ನು ಬಿಡಿ, ನಾವು ಮಾಡುತ್ತೇವೆ’ ಎಂದು ಹೇಳುವುದು ಸುಲಭ. ಆಕೆ ಕೇಳುವ ಮೊದಲೇ ಡಬ್ಬಿಯನ್ನು ಕೆಳಗಿಳಿಸಿಡುವವರು ಕಡಿಮೆ. ಕೈಯಿ ನೋಡುವುದಕ್ಕೆ ಚೆನ್ನಾಗಿಯೇ ಇರುವುದರಿಂದ ‘ಇದೇನು ನೆವವೋ’ ಎಂಬ ಸಂಶಯವೂ ಕೆಲವು ಮನೆಗಳಲ್ಲಿ ಸುಳಿಯುವುದುಂಟು. ಸಂಶಯವಿದ್ದವರು ಮೇಲೆ ಹೇಳಿದ ಬಾಗಿಲು ತೆರೆಯುವ ಪರೀಕ್ಷೆಯನ್ನು ಮೆಲ್ಲಗೆ ಮಾಡಿ ನೋಡಲಿ.

ನಿಧಾನವಾಗಿ ಬಿಡುವ ರೋಗದಲ್ಲಿ, ಬಿಡುತ್ತಿರುವುದು ರೋಗಿಯ ಅರಿವಿಗೇ ಬರುವುದಿಲ್ಲ. ಇದಕ್ಕೆ ನಾವು ಮಾಡಿದ ಉಪಾಯವಿಷ್ಟೆ: ನಡುಮನೆಯ ಗೋಡೆಯ ಮೇಲೆ ಪ್ರತಿ ತಿಂಗಳ ಮೊದಲನೆಯ ತಾರೀಖಿನಲ್ಲಿ ಎಡಗೈಯ ನಡುಬೆರಳು ಮುಟ್ಟುವ ಎತ್ತರಕ್ಕೆ ಸೀಸದ ಕಡ್ಡಿಯಿಂದ ಒಂದು ಗೆರೆಯೆಳೆದು ತಿಂಗಳ ಹೆಸರನ್ನು ಬರೆಯುವುದು. ಮೊದಲ ಐದು ಗೆರೆಗಳು ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಂತೆ ಕಾಣುತ್ತವೆ. ಆರನೆಯದು ಅರ್ಧ ಬೆರಳಿನಷ್ಟು ಮೇಲಿದೆ. ಹದಿನಾಲ್ಕನೆಯದು ಬಲಗೈಯ ಗುರುತಿಗಿಂತ ನಾಲ್ಕು ಬೆರಳು ಕೆಳಗೆ ನಿಂತಿದೆ. ಗೋಡೆಗೆ ಸುಣ್ಣ ಹೊಡೆಸಬೇಕೆಂದು ಮನೆಯಲ್ಲಿ ಎರಡು ಸಲ ಮಾತು ಬಂದಿದೆ. ಇನ್ನೂ ನಾಲ್ಕು ತಿಂಗಳು ತಡೆಯಿರೆಂದು ಕೇಳಿಕೊಂಡಿದ್ದೇವೆ.